ಕೊಪ್ಪಳದಲ್ಲಿ ಪಳೆಯುಳಿಕೆ ಎಲ್ಲಿ ಸಿಗುತ್ತದೆ?

ಶಿಕ್ಷಕರ ಕ್ಲಸ್ಟರ್ ಸಭೆ ಮುಗಿಸಿ ಚಹಾ ಕುಡಿಯುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ, ನಮ್ಮ ಕಡೆ ಪಳೆಯುಳಿಕೆ ಎಲ್ಲಿ ಸಿಗತಾವ್ರಿ? ಹುಡುಗರಿಗೆ ತೋರಸಬೇಕಾಗೇತಿ."

ಸಿಗುವುದಿಲ್ಲ. ಆನೆಗೊಂದಿ, ಗಂಗಾವತಿ ಸುತ್ತಿನ ಗುಡ್ಡಗಳು ಬಹುಪಾಲು ಗ್ರಾನೈಟ್. ನೆಲದಾಳದ ಶಿಲಾರಸ ಆರಿ ಗಟ್ಟಿಯಾದ ಕಲ್ಲಿನಲ್ಲಿ ಎಲೆ, ಮೀನು ಎಲ್ಲಿಂದ ಬರಬೇಕು? ಪಳೆಯುಳಿಕೆಗೆ ಕೆಸರು ಬೇಕು, ಆ ಕೆಸರು ಪದರು ಪದರಾಗಿ ಕಲ್ಲಾಗಬೇಕು. ಪಕ್ಕದ ಸಂಡೂರಿನ ಸುಣ್ಣಶಿಲೆಯಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ, ಸೂಕ್ಷ್ಮಜೀವಿಗಳು ಕಟ್ಟಿದ ಪದರುಗಳು. ಆದರೆ ಏಳನೇ ತರಗತಿಯ ಕಣ್ಣಿಗೆ ಅವು ಬರೀ ಗೆರೆ.

ಇದನ್ನು ನಾನು ಮಾನ ಕಳೆದುಕೊಂಡು ಕಲಿತೆ. ಒಬ್ಬ ಹುಡುಗಿ ಮನೆಯ ಒಡೆದ ಹಾಸುಗಲ್ಲು ತಂದಳು. ಅದರ ಮೇಲೆ ಜರೀಗಿಡದಂಥ ಕಪ್ಪು ಚಿತ್ತಾರ. ನಾನು ಪಳೆಯುಳಿಕೆ ಎಂದು ಘೋಷಿಸಿ, ಪಕ್ಕದ ತರಗತಿಯವರನ್ನೂ ಕರೆದು ತೋರಿಸಿದೆ. ತಿಂಗಳ ನಂತರ ಭೂವಿಜ್ಞಾನ ಓದಿದ ಗೆಳೆಯ ನೋಡಿ ನಕ್ಕ. ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಕಲೆ ಅದು, ಹೆಸರು ಡೆಂಡ್ರೈಟ್. ಎಲೆಯಾಗಿದ್ದರೆ ನಡುನರ ಎಲ್ಲಿ?

ಮರುದಿನ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಗಟ್ಟಿ ಪೋಸ್ಟರ್ ಬಣ್ಣದ ಹನಿ ಇಟ್ಟು, ಒತ್ತಿ, ಬಿಡಿಸಿದೆವು. ಕವಲೊಡೆದ ಜರೀಗಿಡ! ಈಗ ಪಾಠ ಅಲ್ಲಿಂದಲೇ ಶುರು. ನಿಜವಾದ ಪಳೆಯುಳಿಕೆಗಿಂತ ಈ ಸುಳ್ಳು ಪಳೆಯುಳಿಕೆಯೇ ಹೆಚ್ಚು ಪ್ರಶ್ನೆ ಹುಟ್ಟಿಸಿದೆ.

ಆಮೇಲೆ ಹಗ್ಗ. 46 ಮೀಟರ್ ಹಗ್ಗ ಮೈದಾನದಲ್ಲಿ ಹಾಸಿದರೆ ಅದೇ ಭೂಮಿಯ 460 ಕೋಟಿ ವರ್ಷ. ನಮ್ಮ ಗುಡ್ಡದ ವಯಸ್ಸು ಸುಮಾರು 250 ಕೋಟಿ. ಹಾಗಾಗಿ ಇಂದಿನ ತುದಿಯಿಂದ 25 ಮೀಟರ್ ಹಿಂದೆ ಒಬ್ಬ ನಿಲ್ಲುತ್ತಾನೆ. ನೆಲದ ಮೇಲೆ ಗಿಡ ಬಂದದ್ದು 4.7 ಮೀಟರ್ ಹಿಂದೆ, ಡೈನೋಸಾರ್ ಅಳಿದದ್ದು 66 ಸೆಂಟಿಮೀಟರ್ ಹಿಂದೆ. ಗವಿಮಠದ ಅಶೋಕನ ಶಾಸನ? ಕೂದಲೆಳೆಗಿಂತ ತೆಳ್ಳಗೆ. ಗುಡ್ಡದ ಹುಡುಗ ಗಿಡದ ಹುಡುಗಿಯತ್ತ ಕೂಗುತ್ತಾನೆ, "ನಾ ನಿಂತಾಗ ನೀ ಹುಟ್ಟೇ ಇದ್ದಿಲ್ಲ!" ಗ್ರಾನೈಟ್‌ನಲ್ಲಿ ಎಲೆ ಯಾಕಿಲ್ಲ ಎಂಬುದಕ್ಕೆ ಇನ್ನೊಂದು ಕಾರಣ ಅವನ ಬಾಯಿಂದಲೇ ಬಂತು.

ಪಳೆಯುಳಿಕೆಯ ಅಚ್ಚು ಮಾಡಿ ತೋರಿಸುವುದು ಸುಲಭ: ಎಣ್ಣೆ ಸವರಿದ ಕೆರೆಮಣ್ಣಿನಲ್ಲಿ ಗದ್ದೆಯ ಶಂಖ ಒತ್ತಿ ತೆಗೆದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿಯಿರಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಅದರಲ್ಲಿ ಕೈ ಇಡಲು ಬಿಡಬೇಡಿ.

ಇನ್ನು ಸಸ್ಯಗಳು ಪರಿಸರಕ್ಕೆ ಹೊಂದಿಕೊಳ್ಳುವ ಪಾಠಕ್ಕೆ ನರ್ಸರಿಯಿಂದ ಕುಂಡ ತರುವವರನ್ನು ಕಂಡರೆ ನನಗೆ ಸಿಟ್ಟು. ಶಾಲೆಯ ಬೇಲಿಯಲ್ಲೇ ಬಳ್ಳಾರಿ ಜಾಲಿ ಇದೆ, ಗೇಣುದ್ದದ ಸಸಿ ಅಗೆದರೆ ಬೇರು ಅದಕ್ಕಿಂತ ಉದ್ದ. (ಊರಿನ ಹೆಸರು ಹೊತ್ತರೂ ಅದು ಅಮೆರಿಕ ಕಡೆಯದು.) ಪಾಪಾಸುಕಳ್ಳಿಗೂ ದಾಸವಾಳಕ್ಕೂ ಬೆಳಿಗ್ಗೆ ಪಾಲಿಥೀನ್ ಚೀಲ ಕಟ್ಟಿ. ಮಧ್ಯಾಹ್ನದೂಟದ ಹೊತ್ತಿಗೆ ದಾಸವಾಳದ ಚೀಲದಲ್ಲಿ ಹನಿ, ಕಳ್ಳಿಯದು ಒಣಕಲು. ಕಳ್ಳಿ ತನ್ನ ಪತ್ರರಂಧ್ರ, ಅಂದರೆ ಗಾಳಿ, ನೀರಾವಿ ಹೋಗಿಬರುವ ಸಣ್ಣ ತೂತು, ತೆರೆಯುವುದು ರಾತ್ರಿ. ಎಲೆ ಎಂದು ಮಕ್ಕಳು ತೋರಿಸುವ ಹಸಿರು ಹಲಗೆ ಅದರ ಕಾಂಡ. ಇಕ್ಕಳದಿಂದಲೇ ಹಿಡಿಯಿರಿ, ಸಣ್ಣ ಮುಳ್ಳು ಚರ್ಮದಲ್ಲಿ ಉಳಿದರೆ ಎರಡು ದಿನ ಕಾಡುತ್ತದೆ. ಇತ್ತ ಕೆರೆಯ ತಾವರೆ ದಂಟನ್ನು ಬಕೀಟಿನ ನೀರಲ್ಲಿ ಮುಳುಗಿಸಿ ಊದಿದರೆ ಗುಳ್ಳೆ ಬರುತ್ತವೆ. ಕೆಸರಲ್ಲಿರುವ ಬುಡಕ್ಕೆ ಗಾಳಿ ಹೋಗುವ ದಾರಿ ಅದು.

ಹೋದ ವರ್ಷ ಒಬ್ಬ ಕೇಳಿದ, "ಸರ, ಕಳ್ಳಿ ಪಳೆಯುಳಿಕೆ ಆಗ್ತೈತೇನ್ರಿ?" ಪಾಪಾಸುಕಳ್ಳಿಯ ಕುಟುಂಬದ ಪಳೆಯುಳಿಕೆ ಜಗತ್ತಿನಲ್ಲೇ ತೀರಾ ಅಪರೂಪ, ಅದು ಬೆಳೆಯುವಲ್ಲಿ ಮುಚ್ಚಲು ಕೆಸರೇ ಇರುವುದಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರ ನಮ್ಮ ಕಾಲುವಿ ಭತ್ತಕ್ಕ ಚಾನ್ಸ್ ಜಾಸ್ತಿ ಐತಿ ಬಿಡ್ರಿ."