ಕಪ್ಪು ಕಲೆ

ನಿದ್ದೆಗೆಟ್ಟು ಹಳೆಯ ಕೊಲೆ ಪ್ರಕರಣಗಳನ್ನು ಓದುವ ಚಟ ನನಗೆ. ನಿನ್ನೆ ರಾತ್ರಿ ಸಿಕ್ಕಿದ್ದು ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞನ ಕಥೆ.

1833, ಇಂಗ್ಲೆಂಡ್. ಕಾಫಿಗೆ ವಿಷ ಬೆರೆಸಿ ತಾತನನ್ನು ಕೊಂದ ಆರೋಪ ಮೊಮ್ಮಗನ ಮೇಲೆ. ಮಾರ್ಷ್ ಪರೀಕ್ಷೆ ಮಾಡಿ ಆರ್ಸೆನಿಕ್ ಎಂಬ ವಿಷವನ್ನು ಹಳದಿ ಗಸಿಯ ರೂಪದಲ್ಲಿ ಪತ್ತೆ ಮಾಡಿದ, ಆದರೆ ಜ್ಯೂರಿಯ ಮುಂದೆ ಇಡುವಷ್ಟರಲ್ಲಿ ಆ ಗಸಿ ಕೆಟ್ಟುಹೋಗಿತ್ತು. ಆರೋಪಿ ಖುಲಾಸೆ! (ಆಮೇಲೆ ತಾನೇ ಕೊಂದದ್ದೆಂದು ಒಪ್ಪಿಕೊಂಡನಂತೆ, ಪುಣ್ಯಾತ್ಮ.)

ಆ ಸಿಟ್ಟಿಗೆ ಮಾರ್ಷ್ ಹೊಸ ಪರೀಕ್ಷೆಯನ್ನೇ ಹುಡುಕಿ 1836ರಲ್ಲಿ ಪ್ರಕಟಿಸಿದ. ಶಂಕಿತ ಪದಾರ್ಥಕ್ಕೆ ಸತು, ಆಮ್ಲ ಸೇರಿಸಬೇಕು. ಹೊರಟ ಅನಿಲಕ್ಕೆ ಬೆಂಕಿ ಹಚ್ಚಿ, ಜ್ವಾಲೆಗೆ ತಣ್ಣನೆಯ ಪಿಂಗಾಣಿ ಹಿಡಿದರೆ, ಆರ್ಸೆನಿಕ್ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆಯಾಗಿ ಕೂರುತ್ತದೆ.

ಎಷ್ಟೋ ಕೊಲೆಗಾರರ ಹೆಸರು ನನಗೆ ಬಾಯಿಪಾಠ. ಈತನ ಹೆಸರು ಮಾತ್ರ ನಿನ್ನೆಯವರೆಗೂ ಕೇಳಿರಲಿಲ್ಲ.