ಡ್ಯೂಕ್ ಸತ್ತ ದಿನಾಂಕದ ಬೆಲೆ

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಹೊರಟ ಬಸ್ ಡರ್ಬಿಶೈರ್‌ನ ಗುಡ್ಡಗಳನ್ನು ಬಳಸಿಕೊಂಡು ಬಂದಾಗ ಡರ್ವೆಂಟ್ ನದಿಯ ಆಚೆ ದಡದಲ್ಲಿ ಚಾಟ್ಸ್‌ವರ್ತ್ ಅರಮನೆ ಕಾಣಿಸಿತು. ಡೆವನ್‌ಶೈರ್ ಡ್ಯೂಕ್‌ಗಳಾದ ಕ್ಯಾವೆಂಡಿಷ್ ಮನೆತನದವರ ನೆಲೆ ಇದು. ನಮ್ಮ ಸಂತೆಯ ಪಚ್ಚಬಾಳೆಯ ಕುಲಕ್ಕೆ ಕ್ಯಾವೆಂಡಿಷ್ ಎಂಬ ಹೆಸರು ಬಂದದ್ದೂ ಈ ಮನೆತನದಿಂದಲೇ. 1830ರ ದಶಕದಲ್ಲಿ ಅರಮನೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಆ ಬಾಳೆಯನ್ನು ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ್ದರು. ಆದರೆ ನನ್ನನ್ನು ಇಲ್ಲಿಗೆ ಕರೆತಂದದ್ದು 10ನೇ ಡ್ಯೂಕ್ ಎಡ್ವರ್ಡ್ ಕ್ಯಾವೆಂಡಿಷ್ ಅವರ ಸಾವು.

ಅವರ ಹಿರಿಯ ಮಗ 1944ರಲ್ಲಿ ಬೆಲ್ಜಿಯಂ ರಣರಂಗದಲ್ಲಿ ಮಡಿದ. ಕಿರಿಯ ಮಗ ಆಂಡ್ರ್ಯೂಗೆ ತೆರಿಗೆಯ ಹೊರೆ ತಟ್ಟದಿರಲಿ ಎಂದು ಡ್ಯೂಕ್ ಆಸ್ತಿಯ ಬಹುಭಾಗವನ್ನು 1946ರಲ್ಲಿ ತಮ್ಮ ಹೆಸರಿನಿಂದ ವರ್ಗಾಯಿಸಿದರು. ಆಗಿನ ಕಾನೂನಿನಂತೆ ವರ್ಗಾಯಿಸಿದವರು ಐದು ವರ್ಷ ಬದುಕಿದ್ದರೆ ಮಾತ್ರ ಉತ್ತರಾಧಿಕಾರ ತೆರಿಗೆಯಿಂದ ವಿನಾಯಿತಿ ಸಿಗುತ್ತಿತ್ತು. 1950ರ ನವೆಂಬರ್ 26ರಂದು, ಗಡುವಿಗೆ ಇನ್ನು ಕೆಲವೇ ತಿಂಗಳಿರುವಾಗ, ಈಸ್ಟ್‌ಬೋರ್ನ್‌ನ ಮನೆಯಲ್ಲಿ ಅವರು ಕುಸಿದು ತೀರಿಕೊಂಡರು. ವಯಸ್ಸು 55. ತೆರಿಗೆಯ ದರ ಶೇ 80.

ಕೊನೆಗಳಿಗೆಯಲ್ಲಿ ಹತ್ತಿರವಿದ್ದ ವೈದ್ಯ ಜಾನ್ ಬಾಡ್ಕಿನ್ ಆಡಮ್ಸ್. ಸಹಜ ಸಾವು ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದೂ ಆತನೇ. ಅದಕ್ಕೂ ಹಿಂದಿನ 14 ದಿನಗಳಲ್ಲಿ ಡ್ಯೂಕ್ ಯಾವ ವೈದ್ಯರನ್ನೂ ಕಂಡಿರಲಿಲ್ಲವಾದ್ದರಿಂದ ವಿಷಯವನ್ನು ಸಾವಿನ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರ್‌ಗೆ ತಿಳಿಸಲೇಬೇಕಿತ್ತು, ಯಾರೂ ತಿಳಿಸಲಿಲ್ಲ. 13 ದಿನ ಮೊದಲು ಅದೇ ಊರಿನಲ್ಲಿ ಆತನ ಇನ್ನೊಬ್ಬ ರೋಗಿ, ಎಡಿತ್ ಮೊರೆಲ್ ಸತ್ತಿದ್ದರು. ಆ ಕೊಲೆಯ ಆರೋಪದ ಮೇಲೆ 1957ರಲ್ಲಿ ವಿಚಾರಣೆ ನಡೆದು ಆಡಮ್ಸ್ ಖುಲಾಸೆಯಾದ. ಡ್ಯೂಕ್ ಸಾವಿನ ಬಗ್ಗೆ ಮೊಕದ್ದಮೆಯೇ ಹೂಡಲಿಲ್ಲ. ಆತನನ್ನು ಕೊಲೆಗಾರ ಎನ್ನಲು ನಾನು ಸಿದ್ಧನಿಲ್ಲ. ಆದರೆ ಶವಪರೀಕ್ಷೆ ನಡೆಯದ್ದು ಅಕ್ಷಮ್ಯ ಎಂದೇ ನನ್ನ ಭಾವನೆ. ತೆರಿಗೆಗೋ, ಸಾವಿನ ಕಾರಣ ಬೇಕಿರಲಿಲ್ಲ. ಕೊಲೆಯಾದರೂ ಹೃದಯಾಘಾತವಾದರೂ ದಿನಾಂಕವೊಂದೇ ಲೆಕ್ಕ.

ಅರಮನೆಯ ಸಂಗೀತ ಕೋಣೆಯ ಒಳಬಾಗಿಲಿನ ಮೇಲೆ ಪಿಟೀಲೊಂದು ತೂಗುತ್ತಿದೆ. ಪಕ್ಕಕ್ಕೆ ಸರಿದು ನೋಡಿದೆ: ಪಿಟೀಲು, ಗೂಟ, ನೆರಳು, ಎಲ್ಲವೂ ಬರೀ ಬಣ್ಣ. ಅದು ಇಲ್ಲೇ ಉಳಿಯಿತು. ಹೋಲ್ಬೈನ್ ಬರೆದ ಎಂಟನೇ ಹೆನ್ರಿಯ ಚಿತ್ರ, ರೆಂಬ್ರಾಂಟ್‌ನ ವೃದ್ಧ, ಮೆಮ್ಲಿಂಗ್‌ನ ಮೂರು ಫಲಕಗಳ ಚಿತ್ರ ತೆರಿಗೆಯ ಬಾಬ್ತಿಗೆ ಸರ್ಕಾರಕ್ಕೆ ಸಂದವು. ಸ್ಕಾಟ್‌ಲೆಂಡಿನ ಸಾವಿರಾರು ಎಕರೆ ಜಮೀನು ಮಾರಾಟವಾಯಿತು. ಲೆಕ್ಕ ಇತ್ಯರ್ಥವಾಗಲು ಸುಮಾರು 17 ವರ್ಷ ಹಿಡಿಯಿತು.

ಅರಮನೆಯ ಸಮೀಪದ ಹಳ್ಳಿ ಎಡೆನ್ಸರ್‌ನ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಡ್ಯೂಕ್ ಸಮಾಧಿಯಿದೆ. ಹಿರಿಯ ಮಗನ ಹೆಂಡತಿ, ಅಮೆರಿಕದ ಅಧ್ಯಕ್ಷ ಕೆನಡಿಯ ತಂಗಿ ಕ್ಯಾಥ್ಲೀನ್ ಕೂಡ ಇಲ್ಲಿಯೇ ಮಲಗಿದ್ದಾರೆ. ಅಣ್ಣ 1963ರ ಜೂನ್‌ನಲ್ಲಿ ಬಂದು ಹೋದದ್ದನ್ನು ಸಣ್ಣ ಕಲ್ಲೊಂದು ಹೇಳುತ್ತದೆ.

ಮರುದಿನ ಹಾರ್ಡ್‌ವಿಕ್ ಹಾಲ್‌ಗೆ ಹೋದೆ. 1590ರ ದಶಕದಲ್ಲಿ ಮನೆತನದ ಮೂಲ ಮಾತೆ ಬೆಸ್ ಕಟ್ಟಿಸಿದ, ಗೋಡೆಗಿಂತ ಕಿಟಕಿಯೇ ಹೆಚ್ಚೆನಿಸುವ ಬಂಗಲೆ. ಗೋಪುರಗಳ ನೆತ್ತಿಯಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಇದೂ ತೆರಿಗೆಗೆ ಹೋಗಿ, 1959ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಕೈಸೇರಿತು. ಡ್ಯೂಕ್ ಅವರ ತಾಯಿ ಎವೆಲಿನ್ ಇಲ್ಲಿನ ಹಳೆಯ ಚಿತ್ರನೇಯ್ಗೆಗಳನ್ನು ಸ್ವತಃ ಸೂಜಿ ಹಿಡಿದು ದುರಸ್ತಿ ಮಾಡುತ್ತಿದ್ದರು. ಮಗನನ್ನು ಕಳೆದುಕೊಂಡ ಮೇಲೆ ಮನೆಯೂ ಕೈಬಿಟ್ಟುಹೋಗುವುದನ್ನು ಆಕೆ ನೋಡಬೇಕಾಯಿತಲ್ಲ ಎಂದು ಸಂಕಟವಾಯಿತು.

ಆದರೂ ಆ ತೆರಿಗೆ ತಪ್ಪೆಂದು ನನಗೆ ಅನ್ನಿಸಲಿಲ್ಲ. ಭಾರತವೂ 1953ರಲ್ಲಿ ಇಂಥದೇ ಎಸ್ಟೇಟ್ ಸುಂಕ ತಂದು 1985ರಲ್ಲಿ ಕೈಬಿಟ್ಟಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೆಮ್ಲಿಂಗ್‌ನ ಚಿತ್ರವನ್ನು ಹುಡುಕಿಕೊಂಡು ಹೋದೆ. ಚಿತ್ರದಲ್ಲಿ ತಾಯಿಯ ಹಿಂದೆ ಮೊಣಕಾಲೂರಿ ಕುಳಿತ ಪುಟ್ಟ ಹುಡುಗಿಯನ್ನು ಶಾಲಾಮಕ್ಕಳ ಗುಂಪೊಂದು ಬೆರಳು ತೋರಿಸಿ ನೋಡುತ್ತಿತ್ತು. ಅಲ್ಲಿ ಪ್ರವೇಶ ಉಚಿತ.