ಹೆಪ್ಪುಗಟ್ಟಿದ ನೀರಿನ ಮೇಲೊಂದು ರಾತ್ರಿ: ಮಿಲ್ ಲ್ಯಾಕ್ಸ್‌ಗೆ ಹೊರಡುವವರಿಗೆ

ಕಳೆದ ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಅಲ್ಲಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದ ಮಿಲ್ ಲ್ಯಾಕ್ಸ್ ಸರೋವರದ ಮಂಜುಗಡ್ಡೆಯ ಮೇಲೆ ಒಂದು ರಾತ್ರಿ ತಂಗಿದ್ದೆವು. 500 ಚದರ ಕಿಲೋಮೀಟರಿಗೂ ಹೆಚ್ಚು ಹರಡಿರುವ, ಆದರೆ ಎಲ್ಲಿಯೂ 13 ಮೀಟರಿಗಿಂತ ಆಳವಿರದ ಈ ಸರೋವರದ ಮೇಲೆ ಚಳಿಗಾಲದಲ್ಲಿ ಮೀನುಗಾರರ ಗುಡಿಸಲುಗಳ ಊರೇ ಏಳುತ್ತದೆ. ಹೋಗುವವರು ಮೀನಿಗಿಂತ ಮೊದಲು ಆ ಗುಡಿಸಲನ್ನು ಅರಿತುಕೊಳ್ಳಬೇಕೆಂಬುದು ನನ್ನ ಸಲಹೆ.

ಆದ್ದರಿಂದ ಮಂಜಿನ ಮೇಲಿಳಿಯುವ ಮುನ್ನ ನೈಋತ್ಯ ದಡದಲ್ಲಿರುವ ಮಿಲ್ ಲ್ಯಾಕ್ಸ್ ಇಂಡಿಯನ್ ಮ್ಯೂಸಿಯಂ ನೋಡಿರಿ. ಚಳಿಗಾಲದಲ್ಲಿ ಅದು ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನರ ಹಳೆಯ ಕ್ರಮ ಬಲು ಸರಳ: ಮಂಜುಗಡ್ಡೆಯಲ್ಲಿ ತೂತು ಕೊರೆದು, ಅದರ ಮೇಲೆ ಕಡ್ಡಿಗಳ ಚೌಕಟ್ಟಿಗೆ ಕಂಬಳಿ ಹೊದಿಸಿ, ಒಳಗೆ ಬೋರಲಾಗಿ ಮಲಗಿ, ಮರದಲ್ಲಿ ಕೆತ್ತಿದ ಹುಸಿಮೀನನ್ನು ದಾರದಿಂದ ಕುಣಿಸುತ್ತ, ಅದನ್ನು ಅರಸಿ ಬರುವ ಮೀನಿಗೆ ಈಟಿ ಇಳಿಸುವುದು. ಕಂಬಳಿಯಿರುವುದು ಚಳಿಗೆ ಮಾತ್ರವಲ್ಲ; ಮೇಲಿನ ಬೆಳಕು ಮರೆಯಾದಾಗ ಕೆಳಗಿನ ನೀರು ದೀಪ ಹಚ್ಚಿದಂತೆ ತಿಳಿಯಾಗಿ ಕಾಣುತ್ತದೆ. ಈಟಿಗಾರರ ಗುಡಿಸಲಿಗೆ ಇಂದಿಗೂ ‘ಡಾರ್ಕ್ ಹೌಸ್’ ಎಂದೇ ಹೆಸರು. ಅಮೆರಿಕ ಸರ್ಕಾರದೊಂದಿಗಿನ 1837ರ ಒಪ್ಪಂದದಲ್ಲಿ ಉಳಿಸಿಕೊಂಡಿದ್ದ ಮೀನುಗಾರಿಕೆಯ ಹಕ್ಕನ್ನು ಈ ಸಮುದಾಯ ನ್ಯಾಯಾಲಯದಲ್ಲಿ ಹೋರಾಡಿ, 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ದೃಢಪಡಿಸಿಕೊಂಡಿತು. ಅತಿಥಿಯಾಗಿ ಹೋಗುವವರು ಇದನ್ನು ಮರೆಯಬಾರದು.

ಮುಂದೆ ಹಲಗೆಯ ಗುಡಿಸಲುಗಳು ಬಂದವು. 1980ರ ದಶಕದಲ್ಲಿ ಮಿನ್ನೆಸೋಟದ ಮೀನುಗಾರ ಡೇವ್ ಗೆಂಜ್ ಜನಪ್ರಿಯಗೊಳಿಸಿದ, ಜಾರುಬಂಡಿಯ ಮೇಲೆ ಮಡಚಿಡುವ ಬಟ್ಟೆಯ ಡೇರೆಯಿಂದಾಗಿ, ಒಂದೇ ತೂತಿನ ಬಳಿ ದಿನವಿಡೀ ಕಾಯುತ್ತಿದ್ದವರು ಮೀನಿರುವಲ್ಲಿಗೆ ಸರಿಯುವಂತಾಯಿತು. ಈಗ ಗಾಲಿಗಳ ಮೇಲಿನ ಪೂರ್ಣ ಮನೆಗಳೂ ಇವೆ.

ನಾವು ದಡದ ರೆಸಾರ್ಟೊಂದರಿಂದ ಬಾಡಿಗೆಗೆ ಪಡೆದದ್ದು ನಾಲ್ವರು ಮಲಗುವ ಮನೆ. ಅದರ ನೆಲದಲ್ಲಿ ಮುಚ್ಚಳವಿರುವ ಆರು ತೂತುಗಳು, ಗೋಡೆಯಲ್ಲಿ ಮೀನು ಎಳೆದೊಡನೆ ಗಲಗಲನೆ ಸದ್ದು ಮಾಡುವ ದಾರದ ಉರುಳೆಗಳು, ಮೂಲೆಯಲ್ಲಿ ಗ್ಯಾಸ್ ಹೀಟರ್ ಇದ್ದವು. ಹೀಟರ್ ಉರಿಯುವಾಗ ಗಾಳಿಕಂಡಿ ಮುಚ್ಚಬೇಡಿರಿ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಮಲಗುವ ಮುನ್ನ ನೋಡಿರಿ. ನಮ್ಮ ಅಲಾರ್ಮಿನ ಬ್ಯಾಟರಿ ಮುಗಿದಿತ್ತು, ಭಾವ ದಡಕ್ಕೆ ಮರಳಿ ಹೊಸದನ್ನು ತರಬೇಕಾಯಿತು.

ಮಂಜುಗಡ್ಡೆಯ ದಪ್ಪದ ವಿಷಯದಲ್ಲಿ ಊಹೆ ಸಲ್ಲದು. ಹೊಸ, ತಿಳಿಯಾದ ಮಂಜುಗಡ್ಡೆಯಾದರೆ ನಡೆಯಲು ಕನಿಷ್ಠ 4 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು ಬೇಕೆನ್ನುವುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ. ಬಿಳಿಯ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ಒಂದೆಡೆ ದಪ್ಪವಿದ್ದದ್ದು ಹತ್ತು ಹೆಜ್ಜೆಯಾಚೆ ತೆಳುವಾಗಿರಬಹುದಾದ್ದರಿಂದ, ರೆಸಾರ್ಟಿನವರು ಹಿಮ ಸರಿಸಿ ಗುರುತಿಟ್ಟ ದಾರಿ ಬಿಟ್ಟು ಹೋಗಬೇಡಿರಿ. ವಾಹನ ನಿಧಾನವಾಗಿರಲಿ, ಮಂಜು ಒಡೆದರೆ ಬೇಗ ಹೊರಬರಲು ಸೀಟ್ ಬೆಲ್ಟ್ ಬಿಚ್ಚಿರಲಿ, ಕಿಟಕಿ ಇಳಿದಿರಲಿ. ಎಲ್ಲರ ಕೊರಳಲ್ಲೂ, ನೀರಿಗೆ ಬಿದ್ದರೆ ಮಂಜಿನಲ್ಲಿ ಊರಿ ಮೇಲೇರುವ ಚೂಪು ಮೊಳೆಗಳ ಜೋಡಿಯಿರಲಿ.

ರಾತ್ರಿ ಮಂಜುಗಡ್ಡೆ ಹಿಗ್ಗಿ ಕುಗ್ಗುವಾಗ ದೂರದಿಂದ ಗುಡುಗಿನಂಥ ಸದ್ದು ಉರುಳಿ ಬಂದು ನೆಲದಡಿಯಲ್ಲಿ ಹಾದುಹೋಗುತ್ತದೆ. ಮೊದಲ ಸಲ ಎದೆ ಝಲ್ಲೆಂದಿತು. ಆ ಸದ್ದು ಸಹಜವೆಂದು ಮಕ್ಕಳಿಗೆ ಮೊದಲೇ ಹೇಳಿಡಿರಿ.

ಹೊರರಾಜ್ಯದವರಿಗೆ 24 ಗಂಟೆಯ ಮೀನುಗಾರಿಕೆ ಪರವಾನಗಿ ಸಿಗುತ್ತದೆ. ವಾಲೈ ಮೀನನ್ನು ಎಷ್ಟು, ಯಾವ ಅಳತೆಯದನ್ನು ಇಟ್ಟುಕೊಳ್ಳಬಹುದೆಂಬ ನಿಯಮ ಈ ಸರೋವರದಲ್ಲಿ ಬದಲಾಗುತ್ತಿರುವುದರಿಂದ, ಅಳತೆಪಟ್ಟಿ ಕೈಯಲ್ಲಿರಬೇಕು. ನಸುಕಿನ ನಾಲ್ಕಕ್ಕೆ ಉರುಳೆ ಸದ್ದು ಮಾಡಿತು. ಅಕ್ಕ ದಾರವನ್ನು ಕೈಯಿಂದಲೇ ಮೆಲ್ಲನೆ ಎಳೆದು, ಹೊಳೆಯುವ ಕಣ್ಣಿನ ವಾಲೈಯನ್ನು ಮೇಲೆತ್ತಿದಳು. ಅಳೆದಾಗ ಅದು ಮಿತಿಯೊಳಗೆ ಬರಲಿಲ್ಲ. ಒದ್ದೆ ಕೈಯಲ್ಲಿ ಹಿಡಿದು, ಬಂದ ತೂತಿನಲ್ಲೇ ತಲೆಮುಂದಾಗಿ ಇಳಿಬಿಟ್ಟೆವು.